ಬರ್ಲಿನ್‌ನ ಯಹೂದಿ ಬದುಕನ್ನು ನೋಡಲು ಹೊರಟವರಿಗೆ

ಬರ್ಲಿನ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಬ್ರಾಂಡೆನ್‌ಬುರ್ಗ್ ದ್ವಾರ, ಅಲ್ಲಿಂದ ಸ್ವಲ್ಪ ನಡೆದರೆ ನಾಜಿಗಳು ಕೊಂದ ಯಹೂದಿಗಳ ನೆನಪಿನ ಹಾಲೊಕಾಸ್ಟ್ ಸ್ಮಾರಕ, ಆ ಬೂದು ಕಂಬಗಳ ನಡುವೆ ನಾಲ್ಕು ಫೋಟೊ, ಆಮೇಲೆ ಬರ್ಲಿನ್ ಗೋಡೆ. ಯಹೂದಿಗಳ ಕತೆ ಅಷ್ಟಕ್ಕೇ ಮುಗಿದುಹೋಗುತ್ತದೆ. ನನ್ನ ಸಲಹೆ ಇಷ್ಟೇ: ಆ ಸ್ಮಾರಕವನ್ನು ಕೊನೆಗೆ ಇಟ್ಟುಕೊಳ್ಳಿ. ಆ ಜನ ಈ ಊರಲ್ಲಿ ಹೇಗೆ ಬದುಕಿದರು, ಏನು ಕಟ್ಟಿದರು, ಯಾವುದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಅನ್ನುವುದನ್ನು ಮೊದಲು ನೋಡಿ. ಹೇಗೆ ಸತ್ತರು ಅನ್ನುವುದು ಆಮೇಲೆ. ಹೀಗೆ ನೋಡಿದವರಿಗೆ ಆ ಕಂಬಗಳು ಬೇರೆಯೇ ಆಗಿ ಕಾಣುತ್ತವೆ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಬರ್ಲಿನ್‌ನಲ್ಲಿ ಸುಮಾರು 1,60,000 ಯಹೂದಿಗಳಿದ್ದರು. ಇಡೀ ಜರ್ಮನಿಯ ಯಹೂದಿಗಳಲ್ಲಿ ಮೂರನೇ ಒಂದು ಪಾಲು ಇದೇ ಊರಲ್ಲಿತ್ತು. ಅವರೇನು ಊರಾಚೆ ಗುಡಿಸಲು ಹಾಕಿಕೊಂಡಿದ್ದ ಪರದೇಶಿಗಳಲ್ಲ. ಡಾಕ್ಟರು, ವಕೀಲರು, ಅಂಗಡಿಯವರು, ದರ್ಜಿಗಳು, ಪ್ರೊಫೆಸರುಗಳು. ಮನೆಯಲ್ಲಿ ಜರ್ಮನ್ ಕವಿ ಗಯಟೆಯನ್ನು ಓದುವವರು, ಕ್ರಿಸ್‌ಮಸ್ ಮರ ಇಡುವವರೂ ಇದ್ದರು. ತಾವು ಜರ್ಮನರು ಎಂದು ಅವರು ಮನಸಾರೆ ನಂಬಿದ್ದರು. ಆ ನಂಬಿಕೆ ಹುಟ್ಟಿದ ಜಾಗ, ಅದು ಬೆಳೆದ ಜಾಗ, ಅದು ಒಡೆದ ಜಾಗ ಮೂರನ್ನೂ ಇವತ್ತಿಗೂ ಕಾಲ್ನಡಿಗೆಯಲ್ಲೋ ಟ್ರಾಮ್‌ನಲ್ಲೋ ಹೋಗಿ ನೋಡಬಹುದು.

ಮೊದಲು ತಯಾರಿಯ ಮಾತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೋ ಮ್ಯೂನಿಕ್‌ಗೋ ನೇರ ವಿಮಾನ ಹಿಡಿದು ಅಲ್ಲಿಂದ ರೈಲಿನಲ್ಲಿ ಬರ್ಲಿನ್‌ಗೆ ಬನ್ನಿ. ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಟಿಕೆಟ್ ಮುಂಚೆಯೇ ತೆಗೆದರೆ ತುಂಬಾ ಅಗ್ಗ, ಹೊರಡುವ ದಿನ ತೆಗೆದರೆ ಜೇಬು ಖಾಲಿ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆಗೆ ಹೋಗುವವರು ವೀಸಾ ಅಪಾಯಿಂಟ್‌ಮೆಂಟನ್ನು ತಿಂಗಳುಗಳ ಮೊದಲೇ ಹಿಡಿದಿಟ್ಟುಕೊಳ್ಳಿ.

ವಾರದ ಲೆಕ್ಕಾಚಾರ ಈ ಪ್ರವಾಸದಲ್ಲಿ ಬಹಳ ಮುಖ್ಯ. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ. ಅವತ್ತು ಯಹೂದಿ ಸ್ಮಶಾನಗಳು ಮುಚ್ಚಿರುತ್ತವೆ, ನೊಯೆ ಸಿನಗೋಗೆ ಎಂಬ ಯಹೂದಿ ಪ್ರಾರ್ಥನಾ ಮಂದಿರದ (ಸಿನಗಾಗ್) ವಸ್ತುಪ್ರದರ್ಶನವೂ ಮುಚ್ಚಿರುತ್ತದೆ. ಶುಕ್ರವಾರ ಬೇಗ ಬಾಗಿಲು ಹಾಕುತ್ತಾರೆ. ಸೋಮವಾರ ಹಲವು ಮ್ಯೂಸಿಯಂಗಳಿಗೆ ರಜೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಯಹೂದಿ ಹೊಸ ವರ್ಷ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ಆ ದಿನಗಳ ಪಟ್ಟಿ ನೋಡದೆ ಟಿಕೆಟ್ ತೆಗೆಯಬೇಡಿ. ಚಳಿಗಾಲದಲ್ಲಂತೂ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಇದು ಜಾಸ್ತಿ ಹೊರಗೇ ನಡೆಯುವ ಪ್ರವಾಸ, ಹಾಗಾಗಿ ಏಪ್ರಿಲ್ ಕೊನೆಯಿಂದ ಜೂನ್‌ವರೆಗಿನ ಸಮಯ ಒಳ್ಳೆಯದು. ಗಂಡಸರು ಒಂದು ಟೋಪಿ ಇಟ್ಟುಕೊಂಡಿರಲಿ, ಯಹೂದಿ ಸ್ಮಶಾನದಲ್ಲಿ ತಲೆ ಮುಚ್ಚಿಕೊಳ್ಳಬೇಕು. ಉಳಿದುಕೊಳ್ಳಲು ಹಾಕೆಷರ್ ಮಾರ್ಕ್ಟ್ ಅಥವಾ ರೋಸೆಂಥಾಲರ್ ಪ್ಲಾಟ್ಸ್ ಸುತ್ತಮುತ್ತ ರೂಮು ಸಿಕ್ಕರೆ ಅರ್ಧ ಪ್ರವಾಸ ನಡಿಗೆಯಲ್ಲೇ ಮುಗಿಯುತ್ತದೆ.

ಶುರು ಮಾಡಬೇಕಾದದ್ದು ರೋಸೆಂಥಾಲರ್ ಪ್ಲಾಟ್ಸ್‌ನಲ್ಲಿ. ಈಗ ಅದು ಟ್ರಾಮ್, ಸೈಕಲ್, ಕಾಫಿ ಅಂಗಡಿಗಳ ಗದ್ದಲದ ಚೌಕ. ಹಿಂದೆ ಇಲ್ಲಿ ಊರಿನ ಕೋಟೆ ಬಾಗಿಲಿತ್ತು. ಯಹೂದಿಗಳು ಊರೊಳಗೆ ಬರಬೇಕಾದರೆ ಈ ಬಾಗಿಲಿನಿಂದಲೇ ಬರಬೇಕಿತ್ತು. 1743ರಲ್ಲಿ ಡೆಸ್ಸೌ ಎಂಬ ಊರಿನಿಂದ 14 ವರ್ಷದ ಹುಡುಗನೊಬ್ಬ ತನ್ನ ಗುರುವನ್ನು ಹುಡುಕಿಕೊಂಡು ನಡೆದು ಬಂದು ಇದೇ ಬಾಗಿಲು ದಾಟಿದ. ಮನೆಮಾತು ಯಹೂದಿಗಳ ಆಡುನುಡಿ ಯಿಡ್ಡಿಷ್, ಓದಿದ್ದು ಹೀಬ್ರೂ. ಬೆನ್ನು ಗೂನು, ಕೈಯಲ್ಲಿ ಕಾಸಿಲ್ಲ. ಅವನೇ ಮೋಸೆಸ್ ಮೆಂಡೆಲ್ಸನ್. ಇಪ್ಪತ್ತು ವರ್ಷದ ನಂತರ, 1763ರಲ್ಲಿ, ಬರ್ಲಿನ್ ಅಕಾಡೆಮಿ ನಡೆಸಿದ ಪ್ರಬಂಧ ಸ್ಪರ್ಧೆಯಲ್ಲಿ ಅವನಿಗೆ ಮೊದಲ ಬಹುಮಾನ ಬಂತು. ಎರಡನೆಯ ಸ್ಥಾನಕ್ಕೆ ಬಿದ್ದವನು ತತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್!

ಹಗಲಿಡೀ ರೇಷ್ಮೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವುದು, ಬೆಳಗ್ಗೆ ಸಂಜೆ ತತ್ವಶಾಸ್ತ್ರ. ಇದು ಅವನ ದಿನಚರಿ. ಸಬ್ಬತ್, ಅಂದರೆ ಶನಿವಾರದ ವಿಶ್ರಾಂತಿಯ ನೇಮ ಬಿಡಲಿಲ್ಲ, ಊಟದ ಕಟ್ಟುಪಾಡು ಬಿಡಲಿಲ್ಲ. ಬೈಬಲ್ಲಿನ ಮೊದಲ ಐದು ಗ್ರಂಥಗಳನ್ನು ಶುದ್ಧ ಜರ್ಮನ್‌ಗೆ ತಂದು ಹೀಬ್ರೂ ಲಿಪಿಯಲ್ಲಿ ಅಚ್ಚು ಹಾಕಿಸಿದ. ಹೀಬ್ರೂ ಅಕ್ಷರ ಮಾತ್ರ ಗೊತ್ತಿದ್ದ ಯಹೂದಿ ಹುಡುಗರು ಅದನ್ನು ಓದುತ್ತಾ ಓದುತ್ತಾ ಜರ್ಮನ್ ಕಲಿತರು. ಧರ್ಮವನ್ನೂ ಉಳಿಸಿಕೊಳ್ಳಬಹುದು, ಈ ದೇಶದ ನುಡಿಯನ್ನೂ ತನ್ನದಾಗಿಸಿಕೊಳ್ಳಬಹುದು ಎಂದು ಅವನು ತೋರಿಸಿದ. ಆದರೂ 1771ರಲ್ಲಿ ಅಕಾಡೆಮಿ ಅವನನ್ನು ಸದಸ್ಯನಾಗಿ ಆರಿಸಿದಾಗ ರಾಜ ಫ್ರೆಡರಿಕ್ ಒಪ್ಪಿಗೆ ಕೊಡಲಿಲ್ಲ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಗ್ರೋಸೆ ಹಾಂಬುರ್ಗರ್ ಸ್ಟ್ರಾಸೆ. 1672ರಿಂದ 1827ರವರೆಗೆ ಬರ್ಲಿನ್ ಯಹೂದಿಗಳನ್ನು ಮಣ್ಣು ಮಾಡಿದ್ದು ಇಲ್ಲೇ. ಒಳಗೆ ಹೋದರೆ ಸ್ಮಶಾನದ ಲಕ್ಷಣವೇ ಇಲ್ಲ. ಐವಿ ಬಳ್ಳಿ ಹಬ್ಬಿದ ನೆಲ, ಎತ್ತರದ ಮರಗಳು, ಪಾರ್ಕ್ ಅಂದುಕೊಳ್ಳಬೇಕು. 1943ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಇದನ್ನು ಪೂರಾ ನಾಶ ಮಾಡಿತು. ಮಧ್ಯದಲ್ಲಿ ಒಂಟಿಯಾಗಿ ನಿಂತಿರುವುದು ಮೆಂಡೆಲ್ಸನ್‌ನ ಕಲ್ಲು, ಅದೂ ಮೂಲದ್ದಲ್ಲ, ಆಮೇಲೆ ಮತ್ತೆ ನಿಲ್ಲಿಸಿದ್ದು. ಕಲ್ಲಿನ ನೆತ್ತಿಯ ಮೇಲೆ ಯಾವಾಗಲೂ ಸಣ್ಣ ಸಣ್ಣ ಬೆಣಚುಕಲ್ಲುಗಳಿರುತ್ತವೆ. ಯಹೂದಿಗಳು ಸಮಾಧಿಗೆ ಹೂವಿನ ಬದಲು ಕಲ್ಲು ಇಡುತ್ತಾರೆ. ನೀವೂ ಒಂದು ಇಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬೇರೆಯವರು ಇಟ್ಟದ್ದನ್ನು ಫೋಟೊಗೋಸ್ಕರ ಸರಿಸಬೇಡಿ.

ಪಕ್ಕದ ಕಟ್ಟಡ ಯಹೂದಿ ಶಾಲೆ. ನಾಜಿಗಳು ಮುಚ್ಚಿಸಿದ್ದ ಶಾಲೆ 1993ರಲ್ಲಿ ಮತ್ತೆ ಶುರುವಾಯಿತು. ಗೇಟಿನಲ್ಲಿ ಪೊಲೀಸರು ನಿಂತಿರುತ್ತಾರೆ, ಒಳಗಿನಿಂದ ಮಕ್ಕಳ ಕೂಗಾಟ ಕೇಳುತ್ತದೆ. ರಸ್ತೆಯ ಆಚೆ ಬದಿ 15/16ನೇ ನಂಬರಿನ ಜಾಗ ನೋಡದೆ ಮುಂದೆ ಹೋಗಬೇಡಿ. ಎರಡು ಕಟ್ಟಡಗಳ ನಡುವೆ ಒಂದು ಮನೆ ಇಲ್ಲ, ಬಾಂಬಿಗೆ ಬಿದ್ದುಹೋಗಿದೆ. ಕ್ರಿಶ್ಚಿಯನ್ ಬೊಲ್ಟಾನ್ಸ್ಕಿ ಎಂಬ ಕಲಾವಿದ 1990ರಲ್ಲಿ ಪಕ್ಕದ ಗೋಡೆಗಳ ಮೇಲೆ ಫಲಕಗಳನ್ನು ಹಾಕಿಸಿದ. ಆ ಇಲ್ಲದ ಮನೆಯಲ್ಲಿ ಯಾವ ಎತ್ತರದಲ್ಲಿ ಯಾರು ವಾಸವಿದ್ದರೋ ಆ ಎತ್ತರದಲ್ಲೇ ಅವರ ಹೆಸರು, ಕಸುಬು, ಅಲ್ಲಿದ್ದ ವರ್ಷಗಳು. ಕತ್ತೆತ್ತಿ ಒಂದೊಂದೇ ಓದಿಕೊಂಡು ಹೋದರೆ ಮಹಡಿ ಮಹಡಿಯಾಗಿ ಮನೆ ಎದ್ದು ನಿಲ್ಲುತ್ತದೆ.

ಅವತ್ತೇ ಮಧ್ಯಾಹ್ನ ಯು6 ಮೆಟ್ರೊ ಹಿಡಿದು ಹಾಲೆಷೆಸ್ ಟೋರ್ ಅಥವಾ ಮೇರಿಂಗ್‌ಡಾಮ್‌ಗೆ ಹೋಗಿ. ಈ ಎರಡು ನಿಲ್ದಾಣಗಳ ನಡುವೆ ಹಳೆಯ ಪ್ರಾಟೆಸ್ಟಂಟ್ ಸ್ಮಶಾನಗಳ ಒಂದು ಗುಂಪಿದೆ. ಯಹೂದಿ ಇತಿಹಾಸ ನೋಡಲು ಕ್ರೈಸ್ತ ಸ್ಮಶಾನ ಯಾಕೆ ಅಂತ ಕೇಳಬಹುದು. ಮೆಂಡೆಲ್ಸನ್‌ನ ಮೊಮ್ಮಕ್ಕಳು ಇಲ್ಲಿದ್ದಾರೆ. ಸಂಗೀತಗಾರ ಫೆಲಿಕ್ಸ್ ಮೆಂಡೆಲ್ಸನ್ ಬಾರ್ಥೋಲ್ಡಿ, ಅವನ ಅಕ್ಕ ಫ್ಯಾನಿ. ಇಬ್ಬರೂ 1847ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಫೆಲಿಕ್ಸನ ಸಮಾಧಿಯ ಮೇಲೆ ಬಿಳಿ ಶಿಲುಬೆ. ಫ್ಯಾನಿಯ ಕಲ್ಲಿನ ಮೇಲೆ ಅವಳೇ ರಚಿಸಿದ ಕೊನೆಯ ಹಾಡಿನ ಸ್ವರಲಿಪಿ ಕೆತ್ತಿದ್ದಾರೆ.

ಬೆಳಗ್ಗೆ ತಾತನ ಕಲ್ಲು, ಮಧ್ಯಾಹ್ನ ಮೊಮ್ಮಗನ ಶಿಲುಬೆ. ನಡುವೆ ಏನಾಯಿತು ಅನ್ನುವುದೇ ಈ ಊರಿನ ಯಹೂದಿಗಳ ಕತೆ. ಮೋಸೆಸ್‌ನ ಆರು ಮಕ್ಕಳಲ್ಲಿ ನಾಲ್ವರು ಕ್ರೈಸ್ತರಾದರು. ಫೆಲಿಕ್ಸನ ಅಪ್ಪ ಅಬ್ರಹಾಂ 1816ರಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ, 1822ರಲ್ಲಿ ತಾನೂ ಮಾಡಿಸಿಕೊಂಡ. ಅವನೂ ಇಲ್ಲೇ ಮಲಗಿದ್ದಾನೆ. "ಮೊದಲು ನಾನು ಅಪ್ಪನ ಮಗ ಆಗಿದ್ದೆ, ಈಗ ಮಗನ ಅಪ್ಪ ಆಗಿದ್ದೇನೆ" ಎಂದು ಹೇಳುತ್ತಿದ್ದನಂತೆ. 1812ರಲ್ಲಿ, ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯಾ ರಾಜ್ಯ ಯಹೂದಿಗಳಿಗೆ ಪೌರತ್ವ ಕೊಟ್ಟಿತು, ನಿಜ. ಆದರೆ ಸರ್ಕಾರಿ ಹುದ್ದೆಯ ಬಾಗಿಲು ಮುಚ್ಚಿಯೇ ಇತ್ತು. ಮಕ್ಕಳು ಮುಂದೆ ಬರಬೇಕೆಂದರೆ ಚರ್ಚಿನ ಮೂಲಕ ಹೋಗಬೇಕಿತ್ತು. ಕವಿ ಹೈನೆ 1825ರಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡವನು, ಅದನ್ನು ಐರೋಪ್ಯ ಸಂಸ್ಕೃತಿಯೊಳಕ್ಕೆ ಹೋಗುವ ಟಿಕೆಟ್ ಎಂದು ಕರೆದ. ಟಿಕೆಟ್ ಕೊಂಡರೂ ಒಳಗೆ ಬಿಡಲಿಲ್ಲ ಅನ್ನುವುದು ಆಮೇಲಿನ ಮಾತು. ಬಾಖ್‌ನ ಮರೆತುಹೋಗಿದ್ದ ಸಂಗೀತ ಕೃತಿ 'ಮ್ಯಾಥ್ಯೂ ಪ್ಯಾಷನ್' ಅನ್ನು 1829ರಲ್ಲಿ ಬರ್ಲಿನ್‌ನಲ್ಲಿ ನುಡಿಸಿ ಜರ್ಮನರಿಗೆ ವಾಪಸ್ ಕೊಟ್ಟವನು ಫೆಲಿಕ್ಸ್. ಅವನ ಪ್ರತಿಮೆಯನ್ನು 1936ರಲ್ಲಿ ಲೈಪ್‌ಜಿಗ್‌ನಲ್ಲಿ ನಾಜಿಗಳು ಕಿತ್ತುಹಾಕಿದರು. ಅವರ ಕಣ್ಣಿಗೆ ಅವನು ಮೋಸೆಸ್‌ನ ಮೊಮ್ಮಗ, ಅಷ್ಟೇ.

ಇದೇ ಸ್ಮಶಾನದಲ್ಲಿ, ಯಹೂದಿಯಾಗಿ ಹುಟ್ಟಿ ಕ್ರೈಸ್ತಳಾದ ರಾಹೆಲ್ ಫಾರ್ನ್‌ಹಾಗೆನ್ ಸಮಾಧಿ ಇದೆ. ಅವಳ ಮನೆಯ ಜಗಲಿಗೆ ರಾಜಕುಮಾರರು, ನಟರು, ಕವಿಗಳು, ಯಹೂದಿಗಳು ಎಲ್ಲರೂ ಬಂದು ಚಹಾ ಕುಡಿದು ಹರಟುತ್ತಿದ್ದರು. ಅವಳ ಗೆಳತಿ ಹೆನ್ರಿಯೆಟ್ ಹೆರ್ಟ್ಸ್ ಪಕ್ಕದ ಸ್ಮಶಾನದಲ್ಲಿದ್ದಾಳೆ. ಹೆನ್ರಿಯೆಟ್‌ಳ ಗಂಡ, ಡಾಕ್ಟರ್ ಮಾರ್ಕುಸ್ ಹೆರ್ಟ್ಸ್, ಯಹೂದಿಯಾಗಿಯೇ ಸತ್ತವನು. ಅವನನ್ನು ಮಣ್ಣು ಮಾಡಿದ್ದು ನೀವು ಬೆಳಗ್ಗೆ ನೋಡಿ ಬಂದ ಆ ಹಸಿರು ನೆಲದಲ್ಲಿ. ಗಂಡ ಅಲ್ಲಿ, ಹೆಂಡತಿ ಇಲ್ಲಿ. ಮೆಂಡೆಲ್ಸನ್ ಮನೆತನದ ಬಗ್ಗೆ ಇನ್ನೂ ತಿಳಿಯಬೇಕೆನ್ನುವವರು ಯೇಗರ್ ಸ್ಟ್ರಾಸೆ 51ರಲ್ಲಿರುವ ಮೆಂಡೆಲ್ಸನ್ ರೆಮಿಸೆಗೆ ಹೋಗಿ. ಅವರ ಬ್ಯಾಂಕಿನ ಹಳೆಯ ಗಾಡಿಖಾನೆಯಲ್ಲಿ ಪುಟ್ಟ ಪ್ರದರ್ಶನವಿದೆ. 1795ರಲ್ಲಿ ಶುರುವಾದ ಬ್ಯಾಂಕನ್ನು 1938ರಲ್ಲಿ ಮುಚ್ಚಿಸಿದರು.

ಒರಾನಿಯನ್‌ಬುರ್ಗರ್ ಸ್ಟ್ರಾಸೆಯ ನೊಯೆ ಸಿನಗೋಗೆಗೆ ಬಿಸಿಲಿರುವ ಬೆಳಗ್ಗೆ ಹೋಗಿ. ಚಿನ್ನದ ಗೆರೆಗಳ ಗುಮ್ಮಟ ದೂರದಿಂದಲೇ ಹೊಳೆಯುತ್ತದೆ. 1866ರಲ್ಲಿ ಇದರ ಉದ್ಘಾಟನೆಗೆ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಬಂದಿದ್ದ. 3,200 ಜನ ಕೂರುವ ಸಭಾಂಗಣ, ಆರ್ಗನ್ ವಾದ್ಯ, ಗಾಯಕರ ಮೇಳ. ಸಿನಗಾಗ್‌ನಲ್ಲಿ ಆರ್ಗನ್ ನುಡಿಸುವುದು ಸಂಪ್ರದಾಯಸ್ಥರಿಗೆ ಸಹಿಸಲಾಗದ ಸಂಗತಿ, ಅದು ಚರ್ಚಿನ ರೂಢಿ ಅನ್ನುವುದು ಅವರ ವಾದ. ಒಂದು ಗುಂಪು ಬೇರೆಯಾಗಿಯೇ ಹೋಯಿತು. ಆದರೆ ಈ ಕಟ್ಟಡ ಕಟ್ಟಿಸಿದವರಿಗೆ ಎರಡೂ ಬೇಕಿತ್ತು. ಒಳಗಿನ ಪ್ರಾರ್ಥನೆ ನೆರೆಯವರಿಗೆ ಒಗ್ಗುವಂತಿರಲಿ, ಹೊರಗಿನ ಗುಮ್ಮಟ ಮಾತ್ರ ನಾವಿದ್ದೇವೆ ಎಂದು ಊರಿಗೆಲ್ಲ ಸಾರಲಿ. 1930ರಲ್ಲಿ ಐನ್‌ಸ್ಟೈನ್ ಇಲ್ಲಿ ಪಿಟೀಲು ನುಡಿಸಿದ್ದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಸಿನಗಾಗ್‌ಗಳಿಗೆ ಬೆಂಕಿ ಇಟ್ಟಾಗ ಇಲ್ಲಿನ ಠಾಣೆಯ ಪೊಲೀಸ್ ಅಧಿಕಾರಿ ವಿಲ್ಹೆಲ್ಮ್ ಕ್ರ್ಯೂಟ್ಸ್‌ಫೆಲ್ಡ್ ಇದು ಸಂರಕ್ಷಿತ ಕಟ್ಟಡ ಎಂದು ಕಾನೂನು ಮುಂದಿಟ್ಟು ಗುಂಪನ್ನು ಓಡಿಸಿ ಅಗ್ನಿಶಾಮಕದವರನ್ನು ಕರೆಸಿದ. ಅವತ್ತು ಉಳಿದ ಕಟ್ಟಡ 1943ರ ಬಾಂಬ್ ದಾಳಿಯಲ್ಲಿ ಹಾಳಾಯಿತು. 1958ರಲ್ಲಿ ಪೂರ್ವ ಜರ್ಮನಿಯ ಕಾಲದಲ್ಲಿ ಹಿಂದಿನ ಸಭಾಂಗಣವನ್ನು ಕೆಡವಿದರು. ಈಗ ಇರುವುದು ಮುಂಭಾಗ ಮಾತ್ರ. ಒಳಗೆ ಹೋದವರು ಹಿಂಬದಿಯ ಬಯಲನ್ನು ನೋಡಲೇಬೇಕು. ಸಭಾಂಗಣದ ಗೋಡೆ ಎಲ್ಲಿತ್ತೆಂದು ನೆಲದ ಮೇಲೆ ಗುರುತು ಮಾಡಿದ್ದಾರೆ. ಅಷ್ಟು ದೊಡ್ಡದಿತ್ತಾ ಅನಿಸುತ್ತದೆ. ಪ್ರದರ್ಶನದಲ್ಲಿ ರೆಗಿನಾ ಯೋನಾಸ್ ಹೆಸರು ಹುಡುಕಿ. 1935ರಲ್ಲಿ ರಬ್ಬಿ, ಅಂದರೆ ಯಹೂದಿ ಧರ್ಮಗುರುವಿನ ದೀಕ್ಷೆ ಪಡೆದ ಬರ್ಲಿನ್ ಹೆಣ್ಣುಮಗಳು, ಜಗತ್ತಿನಲ್ಲೇ ಮೊದಲನೆಯವಳು. 1944ರಲ್ಲಿ ಅವಳನ್ನು ನಾಜಿಗಳ ಕೊಲೆ ಕ್ಯಾಂಪ್ ಆಶ್ವಿಟ್ಸ್‌ನಲ್ಲಿ ಕೊಂದರು. ಬಾಗಿಲಲ್ಲಿ ವಿಮಾನ ನಿಲ್ದಾಣದಂಥದ್ದೇ ತಪಾಸಣೆ ಇರುತ್ತದೆ, ದೊಡ್ಡ ಬ್ಯಾಗ್ ತರಬೇಡಿ.

ಹತ್ತಿರದ ಶೊಯ್ನೆನ್‌ಫಿಯರ್ಟೆಲ್ ಬೀದಿಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಪೋಲೆಂಡ್, ರಷ್ಯಾ ಕಡೆಯಿಂದ ಓಡಿಬಂದ ಬಡ ಯಹೂದಿಗಳು ಇಲ್ಲಿದ್ದರು. ಯಿಡ್ಡಿಷ್ ಮಾತು, ಉದ್ದ ಗಡ್ಡ, ಕರಿ ಕೋಟು. ಊರಿಗೆ ಹೊಂದಿಕೊಂಡಿದ್ದ ಅನುಕೂಲಸ್ಥ ಯಹೂದಿಗಳಲ್ಲಿ ಹಲವರಿಗೆ ಇವರನ್ನು ಕಂಡರೆ ಮುಜುಗರ. ಇವರಿಂದ ತಮ್ಮ ಮರ್ಯಾದೆಯೂ ಹೋಗುತ್ತದೆ ಅನ್ನುವ ಭಯ. 1923ರ ನವೆಂಬರ್‌ನಲ್ಲಿ ಬ್ರೆಡ್ ಬೆಲೆ ಗಗನಕ್ಕೇರಿದಾಗ ಜನ ನುಗ್ಗಿ ಹೊಡೆದದ್ದು, ಲೂಟಿ ಮಾಡಿದ್ದು ಇದೇ ಬೀದಿಗಳನ್ನು. ಆ ಬದುಕಿನ ಗುರುತು ಈಗ ಇಲ್ಲಿ ಬಹಳ ಕಡಿಮೆ, ಹಾಗಾಗಿ ಮುಂಚೆ ಸ್ವಲ್ಪ ಓದಿಕೊಂಡು ಹೋದರೆ ಒಳ್ಳೆಯದು. ಕಾಲುದಾರಿಯಲ್ಲಿ ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆ ತುಂಡುಗಳು ಹೊಳೆಯುತ್ತವೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರು ಮಾಡಿದ್ದು. "ಇಲ್ಲಿ ವಾಸವಿದ್ದರು" ಎಂದು ಶುರುವಾಗಿ ಹೆಸರು, ಹುಟ್ಟಿದ ವರ್ಷ, ಕರೆದೊಯ್ದ ದಿನ. ಯುರೋಪಿನಲ್ಲಿ ಈಗ ಇಂಥವು ಒಂದು ಲಕ್ಷಕ್ಕೂ ಜಾಸ್ತಿ. ಓದಲು ಬಗ್ಗಲೇಬೇಕು.

ವೈಸನ್‌ಸೇ ಸ್ಮಶಾನಕ್ಕೆ ಅರ್ಧ ದಿನ ಎತ್ತಿಡಿ. ಒಂದೇ ಜಾಗಕ್ಕೆ ಸಮಯ ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ, ಹಾಲೊಕಾಸ್ಟ್ ಸ್ಮಾರಕವನ್ನಲ್ಲ. ಹಾಕೆಷರ್ ಮಾರ್ಕ್ಟ್ ಅಥವಾ ಅಲೆಕ್ಸಾಂಡರ್‌ಪ್ಲಾಟ್ಸ್‌ನಿಂದ ಎಂ4 ಟ್ರಾಮ್, ಆಲ್ಬರ್ಟಿನೆನ್ ಸ್ಟ್ರಾಸೆಯಲ್ಲಿ ಇಳಿದು ಸ್ವಲ್ಪ ನಡೆಯಬೇಕು. 1880ರಲ್ಲಿ ಶುರುವಾದದ್ದು, 42 ಹೆಕ್ಟೇರ್, ಅಂದರೆ ನೂರು ಎಕರೆಗೂ ಮೇಲೆ. ಸುಮಾರು 1,15,000 ಸಮಾಧಿಗಳು. ಬಾಗಿಲ ಹತ್ತಿರ ನಕ್ಷೆ ಇದೆ, ಫೋಟೊ ತೆಗೆದಿಟ್ಟುಕೊಳ್ಳಿ, ಒಳಗೆ ದಾರಿ ತಪ್ಪುವುದು ಸುಲಭ. ನೀರಿನ ಬಾಟಲಿ ಇರಲಿ. ಮಳೆ ಬಂದರೆ ನೆಲ ಕೆಸರು, ಶೂ ಗಟ್ಟಿಯಾಗಿರಲಿ.

ಇಲ್ಲಿ ಕಲ್ಲುಗಳನ್ನು ಕಾಲದ ಕ್ರಮದಲ್ಲಿ ಓದಿ. ಹಳೆಯ ಕಲ್ಲುಗಳಲ್ಲಿ ಹೀಬ್ರೂ ಜಾಸ್ತಿ. ಆಮೇಲೆ ಮುಂದೆ ಜರ್ಮನ್, ಹಿಂದೆ ಹೀಬ್ರೂ. ಇನ್ನೂ ಮುಂದೆ ಹೋದಂತೆ ಜರ್ಮನ್ ಒಂದೇ, ಹೀಬ್ರೂ ಅಂದರೆ ಎರಡು ಅಕ್ಷರ ಮಾತ್ರ. ಹೆಸರುಗಳೂ ಬದಲಾಗುತ್ತವೆ: ಅಜ್ಜ ಐಸಾಕ್, ಮೊಮ್ಮಗ ಸಿಗ್‌ಫ್ರೀಡ್. ಶ್ರೀಮಂತರ ಸಮಾಧಿಗಳು ಗ್ರೀಕ್ ಕಂಬಗಳ ಮಂಟಪಗಳು, ಕಬ್ಬಿಣದ ಹೂಬಳ್ಳಿಯ ಕಟಕಟೆಗಳು. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಒಡೆಯ ಹೆರ್ಮನ್ ಟೀಟ್ಸ್, ಪ್ರಕಾಶಕ ಸಾಮುಯೆಲ್ ಫಿಷರ್, ಚಿತ್ರಕಾರ ಲೆಸ್ಸರ್ ಊರಿ, ಹೋಟೆಲಿಗೆ ಹೆಸರಾದ ಬೆರ್ಟೋಲ್ಡ್ ಕೆಂಪಿನ್ಸ್‌ಕಿ ಎಲ್ಲರೂ ಇಲ್ಲಿದ್ದಾರೆ. ಅಲ್ಬರ್ಟ್ ಮೆಂಡೆಲ್ ಎಂಬ ವ್ಯಾಪಾರಿಯ ಸಮಾಧಿಯನ್ನು ವಿನ್ಯಾಸ ಮಾಡಿದ್ದು ಬೌಹೌಸ್ ಎಂಬ ವಿನ್ಯಾಸ ಶಾಲೆ ಕಟ್ಟಿದ ವಾಲ್ಟರ್ ಗ್ರೋಪಿಯಸ್.

ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಬೇಕಾದದ್ದು ಮೊದಲ ಮಹಾಯುದ್ಧದ ಸೈನಿಕರ ಅಂಗಳ. ಸಾಲು ಸಾಲು ಒಂದೇ ಅಳತೆಯ ಚಿಕ್ಕ ಕಲ್ಲುಗಳು. 1914ರಿಂದ 1918ರವರೆಗೆ ಸುಮಾರು ಒಂದು ಲಕ್ಷ ಜರ್ಮನ್ ಯಹೂದಿಗಳು ಚಕ್ರವರ್ತಿ ಕೈಸರ್‌ನ ಸೈನ್ಯದಲ್ಲಿ ಹೋರಾಡಿದರು, 12,000 ಮಂದಿ ಸತ್ತರು. ದೇಶಕ್ಕಾಗಿ ಪ್ರಾಣ ಕೊಟ್ಟ ಮೇಲೆ ಇನ್ನೇನು ಅನುಮಾನ ಅಂದುಕೊಂಡಿದ್ದರು. ಆದರೆ 1916ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಸೈನ್ಯ ಯಹೂದಿಗಳ ತಲೆ ಎಣಿಸಿತು. ಇವರು ಯುದ್ಧರಂಗದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಅನ್ನುವ ಪುಕಾರು ನಿಜವೇ ಎಂದು ನೋಡಲು. ಯುದ್ಧ ಮುಗಿಯುವವರೆಗೂ ಫಲಿತಾಂಶ ಪ್ರಕಟಿಸಲಿಲ್ಲ. ನನ್ನನ್ನು ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಕಾಡಿದ್ದು ಈ ಒಂದು ಸಂಗತಿ. ಗ್ಯಾಸ್ ಚೇಂಬರ್‌ಗಿಂತ ಎಷ್ಟೋ ಮುಂಚೆ, ಮಗನನ್ನು ಯುದ್ಧಕ್ಕೆ ಕಳಿಸಿದ ಮನೆಯವರ ಮುಖಕ್ಕೆ ಹೊಡೆದಂತೆ ಇದು. 1942ರ ತಾರೀಕಿರುವ ಕಲ್ಲುಗಳನ್ನೂ ಗಮನಿಸಿ. ಗಂಡಹೆಂಡತಿ ಒಂದೇ ದಿನ ಸತ್ತಿದ್ದರೆ ಬಹುಮಟ್ಟಿಗೆ ಅದು ಆತ್ಮಹತ್ಯೆ. ಕ್ಯಾಂಪುಗಳ ರೈಲು ಹತ್ತಿಸಲು ಪೊಲೀಸರು ಬರುವ ಮೊದಲೇ ಎಷ್ಟೋ ಜನ ಆ ದಾರಿ ಹಿಡಿದರು.

ಪಶ್ಚಿಮ ಬರ್ಲಿನ್‌ನ ಬಾಯೆರಿಷರ್ ಪ್ಲಾಟ್ಸ್ ಬಡಾವಣೆಗೆ ಪ್ರವಾಸಿಗಳು ಹೋಗುವುದೇ ಕಮ್ಮಿ. ಇದು ಅನುಕೂಲಸ್ಥ, ಓದಿದ ಯಹೂದಿಗಳ ನೆಚ್ಚಿನ ಬಡಾವಣೆಯಾಗಿತ್ತು. ಐನ್‌ಸ್ಟೈನ್ ದೇಶ ಬಿಡುವವರೆಗೆ ಇಲ್ಲಿನ ಹಾಬರ್‌ಲಾಂಡ್ ಸ್ಟ್ರಾಸೆಯಲ್ಲಿದ್ದರು. ಮೆಟ್ರೊದಿಂದ ಹೊರಬಂದು ದೀಪದ ಕಂಬಗಳನ್ನು ನೋಡುತ್ತಾ ನಡೆಯಿರಿ. ರೆನಾಟಾ ಸ್ಟಿಹ್, ಫ್ರೀಡರ್ ಶ್ನೋಕ್ ಎಂಬ ಇಬ್ಬರು ಕಲಾವಿದರು 1993ರಲ್ಲಿ ಇಲ್ಲಿ 80 ಫಲಕಗಳನ್ನು ಹಾಕಿದ್ದಾರೆ. ಒಂದು ಬದಿಗೆ ಮಕ್ಕಳ ಪುಸ್ತಕದಲ್ಲಿರುವಂಥ ಸರಳ ಬಣ್ಣದ ಚಿತ್ರ. ಇನ್ನೊಂದು ಬದಿಗೆ ನಾಜಿ ಕಾಲದ ಒಂದು ಆದೇಶ, ತಾರೀಕಿನ ಸಮೇತ. ಬ್ರೆಡ್ಡಿನ ಚಿತ್ರ: ಬರ್ಲಿನ್‌ನ ಯಹೂದಿಗಳು ಸಂಜೆ 4ರಿಂದ 5ರವರೆಗೆ ಮಾತ್ರ ದಿನಸಿ ಕೊಳ್ಳಬಹುದು, 1940. ಬೆಕ್ಕಿನ ಚಿತ್ರ: ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ, 1942. ಇನ್ನೊಂದರಲ್ಲಿ: ಹಾಡುವ ಸಂಘಗಳಿಂದ ಯಹೂದಿಗಳನ್ನು ಹೊರಗಿಡಲಾಗಿದೆ, 1933.

ಮೊದಲು ಭಜನೆ ಮೇಳದಿಂದ ಹೊರಗೆ, ಆಮೇಲೆ ಪಾರ್ಕಿನ ಬೆಂಚಿನಿಂದ, ಆಮೇಲೆ ಶಾಲೆಯಿಂದ. ಇನ್ನೂರು ವರ್ಷ ಸೇರಿಕೊಂಡು ಬಂದವರನ್ನು ಒಂದೊಂದೇ ಎಳೆಯಾಗಿ ಬಿಡಿಸಿದ್ದು ಹೀಗೆ. ಫಲಕ ಹಾಕಿದ ಹೊಸದರಲ್ಲಿ ಇದು ನಾಜಿಗಳದೇ ಕೆಲಸ ಅಂದುಕೊಂಡು ಕೆಲವರು ಪೊಲೀಸರಿಗೆ ಫೋನ್ ಮಾಡಿದ್ದರಂತೆ. ಬರಹ ಜರ್ಮನ್‌ನಲ್ಲಿದೆ, ಫೋನಿನ ಅನುವಾದ ಆ್ಯಪ್ ಸಾಕಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಮ್ಯೂಸಿಯಂಗಿಂತ ಇದೇ ವಾಸಿ. ಚಿತ್ರ ನೋಡಿ ಅವರೇ ಪ್ರಶ್ನೆ ಕೇಳುತ್ತಾರೆ.

ಕರ್ನಾಟಕದವರು ತಿಳಿದಿರಬೇಕಾದ ಒಂದು ಕೊಂಡಿಯನ್ನು ಇಲ್ಲೇ ಹೇಳುತ್ತೇನೆ. 1933ರಲ್ಲಿ ಕೆಲಸ ಕಳೆದುಕೊಂಡವರಲ್ಲಿ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಬರ್ಲಿನ್‌ನ ಎಳೆಯ ವಾಸ್ತುಶಿಲ್ಪಿಯೂ ಇದ್ದರು. ಈಜಿಪ್ಟ್ ಸುತ್ತಿ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗದ ಕಟ್ಟಡ ಅವರದೇ ಕೆಲಸ. ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಬಾರ್ನ್ ಕೂಡ ಕ್ರೈಸ್ತ ದೀಕ್ಷೆ ಪಡೆದಿದ್ದರೂ ಯಹೂದಿ ಹುಟ್ಟಿನ ಕಾರಣಕ್ಕೆ ಕೆಲಸ ಕಳೆದುಕೊಂಡವರು. ಸಿ. ವಿ. ರಾಮನ್ ಕರೆಸಿಕೊಂಡಿದ್ದರಿಂದ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಅದೇ ಸಂಸ್ಥೆಯಲ್ಲಿ ಪಾಠ ಮಾಡಿದರು. ರಾಮನ್ ಎಷ್ಟು ಪ್ರಯತ್ನಪಟ್ಟರೂ ಅವರಿಗೆ ಇಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. ಬೆಂಗಳೂರಿನವರು ಹೊರಡುವ ಮೊದಲು ಆ ಕಟ್ಟಡವನ್ನೊಮ್ಮೆ ನೋಡಿ ಹೋಗಿ.

ವಾನ್‌ಸೇ ಸರೋವರಕ್ಕೆ ಒಂದು ಪೂರ್ತಿ ದಿನ ಬೇಕು. ಎಸ್7 ರೈಲಿನಲ್ಲಿ ಹೋಗಿ, ನಿಲ್ದಾಣದಿಂದ 114 ನಂಬರ್ ಬಸ್. ಬರ್ಲಿನ್‌ನ ಎಬಿ ವಲಯದ ಟಿಕೆಟ್ ಸಾಕು, ಸಿ ವಲಯ ಬೇಕಿಲ್ಲ. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಲೇಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಮೊದಲು ಲೀಬರ್‌ಮನ್ ವಿಲ್ಲಾ. ಚಿತ್ರಕಾರ ಮ್ಯಾಕ್ಸ್ ಲೀಬರ್‌ಮನ್ ಪ್ರಷ್ಯಾದ ಕಲಾ ಅಕಾಡೆಮಿಯ ಅಧ್ಯಕ್ಷ, ಬರ್ಲಿನ್‌ನ ಕಲಾಲೋಕಕ್ಕೆ ಹಿರಿಯ. 1909ರಲ್ಲಿ ಕಟ್ಟಿಸಿದ ಈ ಮನೆಯ ತೋಟವನ್ನೇ ಇನ್ನೂರಕ್ಕೂ ಹೆಚ್ಚು ಸಲ ಚಿತ್ರಿಸಿದ. ಮುಂಭಾಗದಲ್ಲಿ ಕೋಸು ಬೆಳೆಯುವ ತರಕಾರಿ ಪಾತಿ, ಹಿಂದೆ ನೀರಿನ ತನಕ ಇಳಿಯುವ ಹುಲ್ಲು, ದಾರಿಗೆ ಅಡ್ಡ ಬಂದರೂ ಕಡಿಯದೆ ಬಿಟ್ಟ ಬರ್ಚ್ ಮರಗಳು. ಟೆರೇಸ್‌ನಲ್ಲಿ ಕಾಫಿ ಸಿಗುತ್ತದೆ, ಅವಸರ ಮಾಡಬೇಡಿ. 1935ರಲ್ಲಿ ಅವನು ಸತ್ತ. 1940ರಲ್ಲಿ ಹೆಂಡತಿ ಮಾರ್ಥಾಳಿಂದ ಮನೆಯನ್ನು ಬಲವಂತವಾಗಿ ಮಾರಿಸಿದರು. 1943ರಲ್ಲಿ ತೆರೇಸಿಯೆನ್‌ಷ್ಟಾಟ್ ಕ್ಯಾಂಪಿಗೆ ಕರೆದೊಯ್ಯಲು ಬಂದಾಗ, ಎಂಬತ್ತೈದರ ಆ ಮುದುಕಿ ವಿಷ ತೆಗೆದುಕೊಂಡಳು.

ಅದೇ ದಡದಲ್ಲಿ ಹತ್ತು ನಿಮಿಷ ನಡೆದರೆ ಇನ್ನೊಂದು ವಿಲ್ಲಾ. 1942ರ ಜನವರಿ 20ರಂದು 15 ಅಧಿಕಾರಿಗಳು ಇಲ್ಲಿ ಸೇರಿ ಯುರೋಪಿನ ಯಹೂದಿಗಳ ಕೊಲೆಯನ್ನು ಯಾವ ಇಲಾಖೆ ಹೇಗೆ ನಡೆಸಬೇಕು ಎಂದು ಒಂದೂವರೆ ಗಂಟೆಯಲ್ಲಿ ಮಾತಾಡಿ ಮುಗಿಸಿದರು. ಎರಡು ಮನೆಗಳ ವಾಸ್ತುಶಿಲ್ಪಿ ಒಬ್ಬನೇ, ಪೌಲ್ ಬೌಮ್‌ಗಾರ್ಟನ್. ಒಳಗೆ ಆ ಸಭೆಯ ನಡಾವಳಿಯ ಪ್ರತಿ ಇದೆ. ಅದರಲ್ಲಿ ದೇಶವಾರು ಯಹೂದಿಗಳ ಪಟ್ಟಿ, ಒಟ್ಟು ಒಂದು ಕೋಟಿ ಹತ್ತು ಲಕ್ಷ. ಪ್ರವೇಶ ಉಚಿತ. ಲೀಬರ್‌ಮನ್ ಮನೆ ನೋಡದೆ ನೇರ ಇಲ್ಲಿಗೆ ಬರಬೇಡಿ ಅಂತ ನಾನು ಗೆಳೆಯರಿಗೆಲ್ಲ ಹೇಳುತ್ತೇನೆ.

ವಾಪಸ್ ಬರುವಾಗ ಅದೇ ಎಸ್7ನಲ್ಲಿ ಗ್ರೂನೆವಾಲ್ಡ್‌ನಲ್ಲಿ ಇಳಿದು 17ನೇ ಪ್ಲಾಟ್‌ಫಾರ್ಮ್ ನೋಡಿ. 1941ರ ಅಕ್ಟೋಬರ್ 18ರಂದು ಬರ್ಲಿನ್‌ನಿಂದ ಯಹೂದಿಗಳನ್ನು ಹೊತ್ತ ಮೊದಲ ರೈಲು ಹೊರಟದ್ದು ಇಲ್ಲಿಂದ. ಹಳಿಯ ಎರಡೂ ಅಂಚಿಗೆ 186 ಉಕ್ಕಿನ ಹಾಸುಗಳು. ಒಂದೊಂದರಲ್ಲಿ ತಾರೀಕು, ಎಷ್ಟು ಜನ, ಎಲ್ಲಿಗೆ. ಕೊನೆಯದು 1945ರ ಮಾರ್ಚ್. ಯುದ್ಧ ಸೋಲುವುದು ಖಚಿತವಾದ ಮೇಲೂ ಬೆರಳೆಣಿಕೆಯ ಜನರಿಗಾಗಿ ರೈಲು ಓಡಿಸಿದ್ದಾರೆ. ಬರ್ಲಿನ್‌ನ ಸುಮಾರು 55,000 ಯಹೂದಿಗಳು ಕೊಲೆಯಾದರು.

ಇಷ್ಟು ನೋಡಿದ ಮೇಲೆ ಹಾಲೊಕಾಸ್ಟ್ ಸ್ಮಾರಕ, ಯಹೂದಿ ಮ್ಯೂಸಿಯಂ ಎರಡಕ್ಕೂ ಹೋಗಬಹುದು. ಸ್ಮಾರಕದ 2,711 ಕಂಬಗಳ ಕೆಳಗೆ ನೆಲಮಾಳಿಗೆಯಲ್ಲಿ ಮಾಹಿತಿ ಕೇಂದ್ರವಿದೆ, ಅದನ್ನು ಬಿಡಬೇಡಿ. ಕಂಬಗಳ ಮೇಲೆ ಹತ್ತಬೇಡಿ. ಡ್ಯಾನಿಯಲ್ ಲೀಬೆಸ್ಕಿಂಡ್ ಕಟ್ಟಿದ ಮ್ಯೂಸಿಯಂ ತುಂಬಾ ದೊಡ್ಡದು, ನಾನು ಹೋದಾಗ ಮುಖ್ಯ ಪ್ರದರ್ಶನಕ್ಕೆ ದುಡ್ಡು ಇರಲಿಲ್ಲ. ಇದರ ಬಗ್ಗೆ ಎಲ್ಲ ಕಡೆ ಬರೆದಿರುವುದರಿಂದ ಹೆಚ್ಚು ಹೇಳುವುದಿಲ್ಲ. ಅದಕ್ಕಿಂತ ಹಾಕೆಷರ್ ಮಾರ್ಕ್ಟ್ ಹಿಂದಿನ ರೋಸೆನ್ ಸ್ಟ್ರಾಸೆಗೆ ಅರ್ಧ ಗಂಟೆ ಕೊಡಿ. 1943ರ ಫೆಬ್ರುವರಿ ಕೊನೆಯಲ್ಲಿ, ಬೇರೆ ಧರ್ಮದ ಹೆಣ್ಣುಗಳನ್ನು ಮದುವೆಯಾಗಿದ್ದ ಸುಮಾರು ಎರಡು ಸಾವಿರ ಯಹೂದಿಗಳನ್ನು ಇಲ್ಲಿ ಕೂಡಿಹಾಕಿದ್ದರು. ಹೆಂಡತಿಯರು ಬಂದು ಚಳಿಯಲ್ಲಿ ದಿನಗಟ್ಟಲೆ ರಸ್ತೆಯಲ್ಲಿ ನಿಂತು ಗಂಡಂದಿರನ್ನು ಬಿಡಿ ಎಂದು ಕೂಗಿದರು. ಬಹುತೇಕ ಎಲ್ಲರನ್ನೂ ಬಿಟ್ಟರು. ಕೆಂಪು ಕಲ್ಲಿನ ಶಿಲ್ಪಗಳು ಆ ಹೆಂಗಸರವು.

ಊಟಕ್ಕೆ ಸಸ್ಯಾಹಾರಿಗಳಿಗೆ ತೊಂದರೆಯೇ ಇಲ್ಲ. ಫಲಾಫೆಲ್, ಹುಮ್ಮಸ್, ಬೇಯಿಸಿದ ಬದನೆಕಾಯಿ ಎಲ್ಲ ಕಡೆ ಸಿಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಬರ್ಲಿನ್‌ನಲ್ಲಿ ಈಗಲೂ ಯಹೂದಿಗಳಿದ್ದಾರೆ. 1990ರ ನಂತರ ಹಳೆಯ ಸೋವಿಯತ್ ಒಕ್ಕೂಟದಿಂದ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಜರ್ಮನಿಗೆ ಬಂದರು, ಹಾಗಾಗಿ ಸಿನಗಾಗ್‌ಗಳಲ್ಲಿ ರಷ್ಯನ್ ಮಾತು ಕೇಳಿದರೆ ಆಶ್ಚರ್ಯಪಡಬೇಡಿ. ಶುಕ್ರವಾರ ಸಂಜೆಯ ಪ್ರಾರ್ಥನೆ ನೋಡುವ ಮನಸ್ಸಿದ್ದರೆ ಕೆಲವು ವಾರ ಮೊದಲೇ ಸಿನಗಾಗ್‌ಗೆ ಇಮೇಲ್ ಬರೆದು ಒಪ್ಪಿಗೆ ಪಡೆಯಿರಿ, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಲು ಸಿದ್ಧರಿರಿ. ಒಳಗೆ ಫೋನ್ ಬಳಸುವಂತಿಲ್ಲ, ಬರೆಯುವಂತೆಯೂ ಇಲ್ಲ. ಭದ್ರತೆಯವರು ನಾಲ್ಕು ಪ್ರಶ್ನೆ ಜಾಸ್ತಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. 2019ರಲ್ಲಿ ಹಾಲೆ ಎಂಬ ಊರಿನಲ್ಲಿ ಯೋಮ್ ಕಿಪ್ಪುರ್ ದಿನವೇ ಬಂದೂಕು ಹಿಡಿದವನೊಬ್ಬ ಸಿನಗಾಗ್‌ಗೆ ನುಗ್ಗಲು ನೋಡಿದ. ಗಟ್ಟಿ ಬಾಗಿಲು ತೆರೆಯಲಿಲ್ಲ, ಅದಕ್ಕೇ ಒಳಗಿದ್ದವರು ಉಳಿದರು. ಹೊರಗೆ ಇಬ್ಬರು ಸತ್ತರು. ಕಾವಲಿಗೆ ನಿಂತ ಪೊಲೀಸರ ಫೋಟೊವನ್ನಂತೂ ತೆಗೆಯಬೇಡಿ.